ಒಂದೇ ವಯರಿನ ಎರಡು ತುದಿ

೨೦೦೮ರ ಒಂದು ಬೆಳಿಗ್ಗೆ, ಧನಕವಡಿಯ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ನಿಂತಿದ್ದ ಇಬ್ಬರು ಹೆಂಗಸರು ಕನ್ನಡದಲ್ಲಿ ಮಾತಾಡುತ್ತಿದ್ದರು. ರಾಂಜಣಗಾಂವದ ಫ್ಯಾಕ್ಟರಿಗೆ ಹೋಗುವ ಕಂಪನಿ ಬಸ್ಸಿಗೆ ನಿಂತ ನೀಲಿಮಾ, ಅವಳನ್ನು ಬಿಡಲು ಬಂದ ಅಣ್ಣನ ಹೆಂಡತಿ, ವೈನಿ.

“ರಾಜೀನಾಮಾ ಖರೇನ ಬರದೀಯೇನ?”

“ಪರ್ಸಿನ್ಯಾಗ ಅದ, ವೈನಿ. ಮೊನ್ನೆ ನೆಟ್‌ವರ್ಕಿನ ಒಂದ ವಯರಿನ ಎರಡೂ ತುದಿ ಒಂದ ಸ್ವಿಚ್ ಡಬ್ಬಿಗೇ ಹಾಕಿಬಿಟ್ಟೆ. ಫ್ಯಾಕ್ಟರಿ ಕಂಪ್ಯೂಟರೆಲ್ಲಾ ಎರಡ ತಾಸು ನಿಂತವು. ನಾನ ಮಾಡಿದ್ದಂತ ಅಲ್ಲೆ ಯಾರಿಗೂ ಗೊತ್ತಿಲ್ಲ.”

“ನನಗಷ್ಟ ಹೇಳಿದಿ?”

“ನಿನ್ನೆ ಇಂಟರ್‌ನೆಟ್ಟಿನ ಒಂದ ಸೈಟಿನ್ಯಾಗೂ ಬರದೆ. ಬರೇ ನೆಟ್‌ವರ್ಕ್ ಇಂಜಿನಿಯರ್ ಮಂದೀದು.”

“ಅವರಿಗ್ಯಾಕ ಬ್ಯಾರೇ ಸೈಟು? ಆರ್ಕುಟ್ ಸಾಲೂದಿಲ್ಲೇನು?”

“ಆರ್ಕುಟ್‌ನ್ಯಾಗ ಫೋಟೋ ಕೇಳ್ತಾರ. ಈ ಸೈಟಿನ್ಯಾಗ, ವಯರು ಡಬ್ಬಿಯ ಯಾವ ಪೋರ್ಟಿಗೆ ಹಾಕಿದ್ದಿ ಅಂತ ಕೇಳಿದ್ರು.”

“ಆಮ್ಯಾಲೆ ನಕ್ಕಿರಬೇಕು.”

“ಇಲ್ರಿ. ನಲವತ್ತ ಮಂದಿ, ನಾವೂ ಇದನ್ನ ಮಾಡೇವಿ ಅಂತ ಬರದಾರ. ಬ್ರೆಝಿಲಿನಾಂವ, ಫಿನ್ಲೆಂಡಿನಾಕಿ. ಇಪ್ಪತ್ತ ವರ್ಷದ ಅನುಭವ ಇದ್ದಾಂವ ಒಬ್ಬ, ಇಡೀ ದವಾಖಾನಿ ನಿಲ್ಲಿಸಿದ್ದನಂತ.”

ವೈನಿ ಕಾಯಿಪಲ್ಲೆಯ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದರು.

“ನಲವತ್ತ ಮಂದಿ. ನಿನ್ನ ಮಾರೀನೂ ನೋಡದ?”

“ಹೂಂ.”

“ಮೂವತ್ತ ವರ್ಷ ಅಡಿಗಿ ಮಾಡೇನಿ, ನೀಲಿಮಾ. ಉಪ್ಪು ಹೆಚ್ಚಾದ ದಿನ, ನನಗೂ ಹಿಂಗ ಆಗಿತ್ತು ಅಂತ ಒಬ್ಬಾಕಿನೂ ಅಂದಿಲ್ಲ.”

ಬಸ್ಸು ಬಂತು. ನೀಲಿಮಾ ಪರ್ಸಿನಿಂದ ಮಡಚಿದ ಕಾಗದ ತೆಗೆದು ವೈನಿಯ ಕೈಗಿಟ್ಟಳು.

“ಇದನ್ನ ನೀವ ಇಟ್ಕೋರಿ. ನಾನ ಮಾಡಿದ್ದಂತ ಸಾಹೇಬರಿಗೆ ಹೇಳ್ತೇನಿ.”

“ತೆಗದ ಹಾಕಿದ್ರ?”

“ಹಾಕಲಿ. ಅದನ್ನೂ ಆ ಸೈಟಿನ್ಯಾಗ ಬರೀತೇನಿ.”

ಬಸ್ಸು ಹೊರಟ ಮೇಲೆ ವೈನಿ ಕಾಗದವನ್ನು ಕಾಯಿಪಲ್ಲೆಯ ಚೀಲದೊಳಗೆ ಸೇರಿಸಿ ಮನೆಯ ಕಡೆ ತಿರುಗಿದರು. ನಾಲ್ಕು ಹೆಜ್ಜೆ ನಡೆದು, “ನಲವತ್ತ ಮಂದಿ,” ಎಂದರು, ಯಾರಿಗೂ ಅಲ್ಲ.