ಕೋರ್ಟ್ ಏಳುವವರೆಗೆ

ಕೋರ್ಟಿನ ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದವನು ಚಾಕು ಸಾಣೆ ಹಿಡಿಯುವವನು. ಫುಟ್‌ಪಾತಿನಲ್ಲಿ ಸಾಣೆಚಕ್ರ ಹೂಡಿದ್ದಕ್ಕೆ ಕೇಸಾಗಿತ್ತು. ಅವನ ಹೆಂಡತಿ ಏದುಸಿರು ಬಿಡುತ್ತ ಬಂದು ಪಿಸುಗುಟ್ಟಿದಳು.

“ತಗೊಳ್ರೀ ನನ್ನ ಓಲೆ. ಅಡವಿಟ್ಟು ದಂಡ ಕಟ್ಟಿ.”

“ಹಾಕ್ಕೊಳ್ಳೇ. ಕಾಸಿಲ್ಲ ತಾಯಿ ಅಂದೆ. ದಂಡದ ಬದಲು ಸಂಜೆ ಕೋರ್ಟ್ ಏಳೋವರೆಗೂ ಇಲ್ಲೇ ಕೂತಿರು, ಅದೇ ಶಿಕ್ಷೆ ಅಂದ್ರು ಜಡ್ಜಮ್ಮ.”

“ಬರೀ ಕೂತಿರೋದಾ?”

“ಫ್ಯಾನ್ ಕೆಳಗೆ. ಒಂದು ನಿದ್ದೆನೂ ಆಯ್ತು.”

“ನಾನು ಎದ್ದೂ ಬಿದ್ದೂ ಓಡಿ ಬಂದ್ರೆ, ಇವರಿಗೆ ನಿದ್ದೆ!”

ಆಕೆ ಓಲೆ ಸಿಕ್ಕಿಸಿಕೊಂಡಳು.

“ಇನ್ನು ಆ ಫುಟ್‌ಪಾತ್ ಕಡೆ ತಲೆ ಹಾಕಿಯೂ ಮಲಗಬೇಡಿ.”

“ನಾಳೆ ಒಂದಿನ ಹೋಗ್ಬೇಕಲ್ಲೇ.”

“ಯಾಕಂತೆ?”

“ಇಲ್ಲಿನ ಗುಮಾಸ್ತರ ಮನೆ ಚಾಕು, ಕತ್ತರಿ ಎಲ್ಲಾ ಮೊಂಡಾಗಿವೆಯಂತೆ. ಅಲ್ಲಿಗೇ ತರ್ತಾರಂತೆ.”

ಜಡ್ಜಮ್ಮ ಎದ್ದರು. ಶಿಕ್ಷೆ ಮುಗಿಸಿದವನು ಮೈಮುರಿದು, ಹೆಂಡತಿಯ ಹಿಂದೆ ಹೊರನಡೆದ.