ಒಂಬತ್ತನೆಯ ದನಿ

ಇದು ಎಲ್ಲೋ ಕೇಳಿದ್ದಲ್ಲ. ನಮ್ಮ ಬೆಟ್ಟದೂರು ಕೊಚ್ಕೋರಿನಲ್ಲಿ, ನಮ್ಮ ಬೇಲಿಗೆ ಬೇಲಿ ತಾಗಿದ ಮನೆಯ ಜೊಲ್ದೋಶ್ ಮೇಷ್ಟ್ರಿಗೆ ಆದದ್ದು.

ಗುರುವಾರ ರಾತ್ರಿ. ಶಾಲೆಯಿಂದ ತಡವಾಗಿ ಹೊರಟ ಮೇಷ್ಟ್ರು ತಮ್ಮ ಮನೆಯ ದಾರಿ ಬಿಟ್ಟು, ಹರಕೆಯ ಬಟ್ಟೆ ಕಟ್ಟಿದ ಮರದ ಬುಡದ ನೀರಿನ ಬುಗ್ಗೆಯ ಕಡೆ ತಿರುಗಿದರು. ಅದರಾಚೆ ಸಾಲ್ಕಿನಕ್ಕನ ಮನೆ. ಈ ಹೊತ್ತು ಹೇಳಿಯೇ ಬಿಡಬೇಕು...

ಮೇಷ್ಟ್ರ ಸೈಕಲ್ ಸಂಘದಲ್ಲಿ ಅವರೂ ಶಾಲೆಯ ಹುಡುಗರೂ ಸೇರಿ ಒಂಬತ್ತು ಜನ. ಘಾಟಿ ಇಳಿಯುವಾಗ ಯಾರೂ ಹಿಂದೆ ನೋಡುವಂತಿಲ್ಲ. ಮುಂದಿರುವ ಮೇಷ್ಟ್ರು 'ಒಂದು' ಎಂದರೆ, ಸಾಲಾಗಿ ಹಿಂದಿನವರು ತಮ್ಮ ತಮ್ಮ ಸಂಖ್ಯೆ ಕೂಗಬೇಕು. ಕಡೆಯವನು ಸಾಲ್ಕಿನಕ್ಕನ ಒಬ್ಬನೇ ಮಗ, ಎಸೆನ್. ಕೆಲವು ವಾರಗಳ ಹಿಂದೆ ಒಂದು ಸಂಜೆ ಇಳಿಯುವಾಗ ಹಿಮ ಬೀಳುತ್ತಿತ್ತು. ಒಂಬತ್ತೂ ಕೇಳಿಸಿತು. ಊರು ಸೇರಿದಾಗ ಎಂಟೇ ಜನ!

"ಲೈಟು ಸರಿ ಮಾಡ್ಕೊಂಡು ಬರ್ತೀನಿ, ಮೇಷ್ಟ್ರು ಬೈತಾರೆ, ನನ್ನದೂ ನೀನೇ ಕೂಗೋ ಅಂದ ಎಸೆನ್..." ಎಂದು ಎಂಟನೆಯವನಾದ ಮಿರ್ಲಾನ್ ಅತ್ತ.

ಆ ದನಿ ಬೇರೆ ಎಂದು ಮೇಷ್ಟ್ರಿಗೂ ಅನ್ನಿಸಿತ್ತು. ಚಳಿ... ನಿಲ್ಲದೆ ಇಳಿದಿದ್ದರು.

ಬೆಳಿಗ್ಗೆ ಎಸೆನ್ ಕೊರಕಲಿನಲ್ಲಿ ಹೆಣವಾಗಿ ಸಿಕ್ಕ. ಕಾಲು ಮುರಿದಿತ್ತು. ಮೇಲೆ ಹತ್ತಲು ದಡ ಕೆರೆದಿದ್ದ. ಉಗುರು ತುಂಬ ಮಣ್ಣು. ಬಿದ್ದ ಮೇಲೂ ಅವನು ಬದುಕಿದ್ದ ಎಂದು ತಾಯಿಗೆ ಯಾರೂ ಹೇಳಿರಲಿಲ್ಲ.

ಈ ಗುರುವಾರ ಮೇಷ್ಟ್ರು ಬುಗ್ಗೆ ದಾಟಿದರು. ಹಿಂದೆ... ಟಿಕ್‌ಟಿಕ್‌ಟಿಕ್. ಸೈಕಲ್ ತಳ್ಳಿಕೊಂಡು ಬರುವಾಗ ಹಿಂದಿನ ಗಾಲಿ ಮಾಡುವ ಸದ್ದು. ನಿಂತರು. ಅದೂ ನಿಂತಿತು.

"ಮಿರ್ಲಾನಾ?"

"ಅಲ್ಲ ಮೇಷ್ಟ್ರೇ..."

ಕತ್ತು ತಿರುಗಲಿಲ್ಲ. ತುಟಿಯಲ್ಲಿ ದೇವರ ಹೆಸರು ಮಾತ್ರ.

"ಅವ್ವಂಗೆ ಹೇಳ್ಬೇಡಿ."

"ಏನನ್ನ... ಕಂದಾ?"

"ಬೆಳಗಿನ ತನಕ ಕೂಗ್ತಿದ್ದೆ ಅಂತ."

"ನನ್ನ ಬೈಯೋ. ಒಂದ್ಸಲ ಬೈದುಬಿಡೋ..."

"ಬೈಯೋದು ನಿಮ್ಮ ಕೆಲಸ ಅಲ್ವಾ ಮೇಷ್ಟ್ರೇ?" ಅದೇ ತುಂಟ ನಗು. ಟಿಕ್‌ಟಿಕ್‌ಟಿಕ್... ಪಕ್ಕದಲ್ಲೇ ಹಾದು ಮುಂದೆ ಹೋಯಿತು. ದಾರಿಯಲ್ಲಿ ಏನೂ ಇರಲಿಲ್ಲ.

ಸಾಲ್ಕಿನಕ್ಕ ಒಲೆಯ ಮುಂದಿದ್ದಳು. ಗುರುವಾರ ನಾವು ಸತ್ತವರಿಗಾಗಿ ರೊಟ್ಟಿ ಕರಿಯುತ್ತೇವೆ. ಎಣ್ಣೆಯ ವಾಸನೆ ಅವರನ್ನು ಮುಟ್ಟುತ್ತದೆ.

"ಬಾಪ್ಪಾ, ಬಿಸಿಯಾಗಿದೆ. ಏನೋ ಹೇಳೋಕೆ ಬಂದ ಹಾಗಿದೆ?"

ಮೇಷ್ಟ್ರು ಹೊಸಿಲ ಬಳಿಯೇ ನಿಂತರು. "ಅಕ್ಕಾ... ಅವನು ಬಿದ್ದ ಗಳಿಗೆಯಲ್ಲೇ ಹೋಗಿದ್ದ. ನೋವೇ ಗೊತ್ತಾಗಿಲ್ಲ ಅವನಿಗೆ."

ಜಾಲರಿ ಸೌಟು ಬಾಣಲೆಯ ಮೇಲೇ ನಿಂತಿತು. ಎಣ್ಣೆ ಚುರುಚುರು ಅನ್ನುತ್ತಿತ್ತು.

"ಅವನೂ ಹಂಗೇ ಅಂದ, ಈಗ ತಾನೇ," ಅಂದಳು ಸಾಲ್ಕಿನಕ್ಕ. "ನಿಮ್ಮಿಬ್ಬರಿಗೂ ಸುಳ್ಳು ಹೇಳೋಕೆ ಬರಲ್ಲ."

ಬರಿಗೈಯಲ್ಲೇ ಕಣ್ಣೊರೆಸಿಕೊಂಡು ರೊಟ್ಟಿ ಮಗುಚಿದಳು.

ಬಾಗಿಲ ಪಕ್ಕದ ಮೊಳೆಗೆ ಟವೆಲ್ಲು ನೇತುಹಾಕಿತ್ತು. ಅದರ ಮೇಲೆ ಸೈಕಲ್ ಚೈನಿನ ಗ್ರೀಸಿನ ಕಪ್ಪು, ಐದು ಬೆರಳಿನ ಗುರುತು. ಮಾರನೆಯ ಬೆಳಿಗ್ಗೆ ನಾನೇ ಹೋಗಿ ಮುಟ್ಟಿ ನೋಡಿದೆ... ರೊಟ್ಟಿಯ ಮೇಲೆ ಕೈಯಿಟ್ಟು ಆಣೆ ಮಾಡಿ ಹೇಳುತ್ತೇನೆ, ಇನ್ನೂ ಹಸಿಯಾಗಿತ್ತು.