ಹಪ್ಪಳದಷ್ಟು ಸಂದು

ಬಾಗಲಕೋಟೆಯಿಂದ ಹುನಗುಂದಕ್ಕೆ ಹೊರಟ ಬಸ್ಸು ಎಷ್ಟು ತುಂಬಿತ್ತೆಂದರೆ, ನನ್ನ ಒಂದು ಕಾಲು ಸ್ಟ್ಯಾಂಡಿನಲ್ಲೇ ಉಳಿದಿತ್ತು. ಮುಂದಿನ ಸೀಟಿನಲ್ಲಿ ಗ್ಯಾರೇಜಿನ ನಾಗಲಿಂಗ, ಅವನ ಪಕ್ಕದಲ್ಲಿ ಅಳಿಯ ರಾಚಯ್ಯ. ರಾಚಯ್ಯನ ಕಿವಿಯಲ್ಲಿ ಫೋನು, ಮುಖದಲ್ಲಿ ಬೆವರು.

"ಶಿರೀಷಣ್ಣಾರು ಫೋನ್ ಎತ್ತವಲ್ರು, ಮಾಮಾ. ತಮ್ಮ ತಂಗೀನ ಕೂಡಿಸ್ಕೊಂಡು, ನಾ ರಿಪೇರಿ ಮಾಡಿಕೊಟ್ಟ ಅವರ ಕಾರ್ ಹೈವೇಕ ಒಯ್ದಾರ."

"ನೀ ಹಾಕಿದ ಹೊಸಾ ಕನೆಕ್ಟಿಂಗ್ ರಾಡ್ ಹಳೇವಕ್ಕಿಂತ ಉದ್ದ ಅದಾವೇನು?"

"ಒಂದ್ ಕೂದಲೆಳಿ ಅಷ್ಟ."

"ಪಿಸ್ಟನ್ ಮ್ಯಾಲ ನಾದಿದ ಕಣಕ ಇಟ್ಟು, ಎಂಜಿನ್ ತಿರುಗಿಸಿ, ವಾಲ್ವಿಗೂ ಅದಕ್ಕೂ ಎಷ್ಟು ಸಂದು ಉಳೀತೈತಿ ನೋಡಂದಿದ್ನಲ್ಲ?"

"ನೋಡಿದ್ನಿ. ಒತ್ತಿದ ಮ್ಯಾಲ ಕಣಕ ಹಪ್ಪಳದಷ್ಟು ಉಳದಿತ್ತು."

"ಚಪಾತಿ ಅಷ್ಟರ ಉಳೀಬೇಕಲೇ! ಅದು ಸ್ಪೋರ್ಟ್ಸ್ ಕಾರು. ಜೋರ ಓಡಿಸಿದ್ರ ರಾಡ್ ಹಿಗ್ಗತಾವ, ಪಿಸ್ಟನ್ ಹೋಗಿ ವಾಲ್ವಿಗೆ ಬಡೀತೈತಿ. ಎಂಜಿನ್ ಅಲ್ಲೇ ಸಿಡೀತೈತಿ."

"ಕೈಲೆ ತಿರುಗಿಸಿದಾಗ ಎಲ್ಲೂ ತಗಲಲಿಲ್ಲ, ಅದಕ ಮುಚ್ಚಿಬಿಟ್ನಿ."

"ಅವ ಕೈಲೆ ತಿರುಗಿಸ್ಕೋತ ಹೋಗ್ತಾನೇನಲೇ?"

"ಎತ್ತಿದ್ರು, ಮಾಮಾ! ಶಿರೀಷಣ್ಣಾ, ಎಂಜಿನ್ ಬಂದ್ ಮಾಡ್ರಿ!"

"ಏನಂತಾನ?"

"ಗಾಳಿಗೆ ಏನೂ ಕೇಳವಲ್ದು ಅಂತಾರ. ಟಕ್ ಟಕ್ ಅನ್ನೂದು ನನಗ ಇಲ್ಲೀತನಾ ಕೇಳಾಕತ್ತೈತಿ."

"ಒದರಲೇ!"

ರಾಚಯ್ಯ ಒದರಿದ ರಭಸಕ್ಕೆ ನಮ್ಮ ಬಸ್ಸೇ ನಿಂತುಬಿಟ್ಟಿತು.

"ಸಪ್ಪಳ ಬಂದ್ ಆತು, ಮಾಮಾ."

"ಅವ ಬಂದ್ ಮಾಡಿದ್ನೋ, ತಾನ ಬಂದ್ ಆತೋ?"

ರಾಚಯ್ಯ ಫೋನನ್ನು ಕಿವಿಗೆ ಒತ್ತಿಕೊಂಡೇ ಜನರನ್ನು ಸೀಳಿ ಕೆಳಗಿಳಿದ. ನಾಗಲಿಂಗ ಚಪ್ಪಲಿಯನ್ನೂ ಮೆಟ್ಟದೆ ಅವನ ಹಿಂದೆ ಓಡಿದ.